ಲಾರ್ಡ್ ಡನ್ಸೇನಿ

ಡನ್ಸೇನಿಯ 18ನೆಯ ಬ್ಯಾರನ್ ಎಡ್ವರ್ಡ್ ಜಾನ್ ಮೋರ್ಟನ್ ಡ್ರ್ಯಾಕ್ಸ್ ಪ್ಲಂಕೆಟ್ (ಜುಲೈ 24, 1878 – ಅಕ್ಟೋಬರ್ 25, 1957) ಲಾರ್ಡ್ ಡನ್ಸೇನಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಆಂಗ್ಲೋ-ಐರಿಷ್ ಕಥೆಗಾರ, ನಾಟಕಕಾರ, ಕವಿ ಹಾಗೂ ಚದುರಂಗ ಪಟು. ಇಂಗ್ಲಿಷಿನಲ್ಲಿ ಕಲ್ಪನಾಲೋಕದ ಕಥೆಗಳಿಗೆ ತಳಹದಿ ಹಾಕಿದವರಲ್ಲಿ ಇವರು ಪ್ರಮುಖರು. ಇವರ 80ಕ್ಕೂ ಹೆಚ್ಚು ಪುಸ್ತಕಗಳು ಪ್ರಕಟವಾಗಿವೆ. 1942ರಲ್ಲಿ ಇವರು ರೂಪಿಸಿದ ವಿನೋದದ ಚದುರಂಗದಲ್ಲಿ ಒಂದು ಕಡೆ ಎಂದಿನ ಹದಿನಾರು ಕಾಯಿಗಳೂ ಇನ್ನೊಂದು ಕಡೆ ಕೇವಲ ಮೂವತ್ತೆರಡು ಕಾಲಾಳುಗಳೂ ಇರುತ್ತವೆ. ಇದು 'ಡನ್ಸೇನಿ ಚದುರಂಗ' ಎಂದು ಹೆಸರಾಗಿದೆ. ಇದರ ರೂಪಾಂತರವಾದ 'ಹೋರ್ಡ್' ಎಂಬ ಆಟದ ಪಂದ್ಯಾವಳಿಗಳು ಇಂದು ಅಂತರಜಾಲದಲ್ಲಿ ನಡೆಯುತ್ತವೆ.

ಜನನ ಮತ್ತು ಬಾಲ್ಯ

ಡನ್ಸೇನಿಯವರು ಲಂಡನ್ ನಗರದಲ್ಲಿ ಜನಿಸಿದರು. ತಂದೆ 17ನೆಯ ಬ್ಯಾರನ್ ಜಾನ್ ವಿಲಿಯಮ್ ಪ್ಲಂಕೆಟ್. ತಾಯಿ ಅರ್ನ್ಲ್ ಎಲಿಜಬೆತ್. ಈ ಮನೆತನದ ಬಿರುದು ಹದಿನೈದನೆಯ ಶತಮಾನಕ್ಕೆ ಸೇರಿದ್ದು. ಐರ್ಲೆಂಡಿನ ಅತಿ ಹಳೆಯ ಬಿರುದುಗಳಲ್ಲಿ ಒಂದು. ಮನೆತನದ ಕೋಟೆಮನೆಯು ಐರ್ಲೆಂಡಿನ ಮೀತ್ ಪ್ರಾಂತದಲ್ಲಿ, ಪ್ರಾಚೀನ ಐರಿಷ್ ಅರಸರ ನೆಲೆಯೆಂದು ಹೆಸರಾದ ತಾರಾ ಬೆಟ್ಟದ ಸಮೀಪದಲ್ಲಿದೆ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಶೋರಮ್ ಗ್ರಾಮದಲ್ಲಿಯೂ ಕುಟುಂಬಕ್ಕೆ 'ಡನ್‌ಸ್ಟಾಲ್ ಪ್ರಯೊರಿ' ಎಂಬ ಮನೆಯಿತ್ತು. ಬಾಲ್ಯದಿಂದ ಮೊದಲ್ಗೊಂಡು ಕೊನೆಯವರೆಗೂ ಅವರ ಬದುಕು ಈ ಎರಡು ಊರುಗಳ ನಡುವೆ ಹಂಚಿಹೋಗಿತ್ತು.

ಐರ್ಲೆಂಡಿನಲ್ಲಿ ಸಹಕಾರ ಚಳವಳಿಯನ್ನು ಕಟ್ಟಿದ ಸರ್ ಹೊರೇಸ್ ಪ್ಲಂಕೆಟ್ ಇವರ ಚಿಕ್ಕಪ್ಪ. ತಮ್ಮ ರೆಜಿನಾಲ್ಡ್ ಮುಂದೆ ಬ್ರಿಟಿಷ್ ನೌಕಾಪಡೆಯಲ್ಲಿ ಅಡ್ಮಿರಲ್ ಹುದ್ದೆಗೇರಿದರು.

ವಿದ್ಯಾಭ್ಯಾಸ ಮತ್ತು ಸೈನ್ಯಸೇವೆ

ಡನ್ಸೇನಿಯವರು ಚೀಮ್ ಮತ್ತು ಈಟನ್ ಶಾಲೆಗಳಲ್ಲಿ ಓದಿ, 1896ರಲ್ಲಿ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜನ್ನು ಸೇರಿದರು. 1899ರಲ್ಲಿ ತಂದೆ ತೀರಿಕೊಂಡಾಗ ಇಪ್ಪತ್ತರ ಹರೆಯದಲ್ಲಿಯೇ ಬಿರುದೂ ಜಮೀನೂ ಅವರ ಪಾಲಿಗೆ ಬಂದವು. ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ದಳದ ಅಧಿಕಾರಿಯಾಗಿ ದಕ್ಷಿಣ ಆಫ್ರಿಕದ ಎರಡನೆಯ ಬೋಯರ್ ಯುದ್ಧದಲ್ಲಿ ಅವರು ಸೇವೆ ಸಲ್ಲಿಸಿದರು.

1904ರಲ್ಲಿ ಜರ್ಸಿಯ ಅರ್ಲ್ ಅವರ ಮಗಳು ಲೇಡಿ ಬಿಯಾಟ್ರಿಸ್ ಚೈಲ್ಡ್-ವಿಲಿಯರ್ಸ್ ಅವರನ್ನು ವಿವಾಹವಾದರು. ಇವರ ಏಕೈಕ ಪುತ್ರ ರ‍್ಯಾಂಡಲ್ 1906ರಲ್ಲಿ ಜನಿಸಿದರು. ಅದೇ ವರ್ಷ ಡನ್ಸೇನಿಯವರು ಕನ್ಸರ್ವೇಟಿವ್ ಪಕ್ಷದ ಅಭ್ಯರ್ಥಿಯಾಗಿ ಬ್ರಿಟನ್ನಿನ ಸಂಸತ್ತಿನ ಚುನಾವಣೆಗೆ ನಿಂತು ಸೋತರು. ಆರಡಿ ನಾಲ್ಕಂಗುಲ ಎತ್ತರದ ಆಳಾಗಿದ್ದ ಅವರು ಬೇಟೆ, ಕ್ರಿಕೆಟ್ ಹಾಗೂ ಗುರಿಕಾರಿಕೆಯಲ್ಲಿ ಆಸಕ್ತರು. ಪಿಸ್ತೂಲು ಗುರಿಕಾರಿಕೆಯಲ್ಲಿ ಐರ್ಲೆಂಡಿನ ಚಾಂಪಿಯನ್ ಆಗಿದ್ದರು.

ಸಾಹಿತ್ಯ

ಡನ್ಸೇನಿಯವರ ಮೊದಲ ಪುಸ್ತಕ 'ದ ಗಾಡ್ಸ್ ಆಫ್ ಪೆಗಾನಾ' 1905ರಲ್ಲಿ ಪ್ರಕಟವಾಯಿತು. ಅದರ ವೆಚ್ಚವನ್ನು ಲೇಖಕರೇ ಭರಿಸಿದರು. ಸಿಡ್ನಿ ಸೈಮ್ ಎಂಬ ಕಲಾವಿದರು ಚಿತ್ರಗಳನ್ನು ಬರೆದುಕೊಟ್ಟರು. ಯಾವ ಜನಾಂಗದ ಪುರಾಣವನ್ನೂ ಆಧರಿಸದೆ, ದೇವತೆಗಳು, ಪ್ರವಾದಿಗಳು, ಸೃಷ್ಟಿ ಮತ್ತು ಪ್ರಳಯ ಎಲ್ಲವನ್ನೂ ತಮ್ಮ ಕಲ್ಪನೆಯಿಂದಲೇ ಹುಟ್ಟಿಸಿ ಬರೆದ ಪುಸ್ತಕವಿದು. ಇದರಲ್ಲಿ ಮೂಲದೇವತೆಯು ಚಿಕ್ಕ ದೇವರುಗಳನ್ನು ಸೃಷ್ಟಿಸಿ ನಿದ್ದೆಹೋಗುತ್ತಾನೆ. ಅವನ ಬಳಿ ಒಬ್ಬ ಡೋಲು ಬಾರಿಸುತ್ತಿರುತ್ತಾನೆ. ಡೋಲು ನಿಂತು ಮೂಲದೇವತೆ ಎಚ್ಚರಗೊಂಡ ದಿನ ಲೋಕಗಳೂ ಚಿಕ್ಕ ದೇವರುಗಳೂ ಇಲ್ಲವಾಗುತ್ತವೆ.

ಇದನ್ನು ಅನುಸರಿಸಿ 'ಟೈಮ್ ಅಂಡ್ ದ ಗಾಡ್ಸ್' (1906), 'ದ ಸ್ವೋರ್ಡ್ ಆಫ್ ವೆಲರನ್' (1908), 'ಎ ಡ್ರೀಮರ್ಸ್ ಟೇಲ್ಸ್' (1910), 'ದ ಬುಕ್ ಆಫ್ ವಂಡರ್' (1912) ಎಂಬ ಕಥಾಸಂಗ್ರಹಗಳು ಬಂದವು. 1924ರಲ್ಲಿ ಪ್ರಕಟವಾದ 'ದ ಕಿಂಗ್ ಆಫ್ ಎಲ್ಫ್‌ಲ್ಯಾಂಡ್ಸ್ ಡಾಟರ್' ಅವರ ಕಾದಂಬರಿಗಳಲ್ಲಿ ಹೆಚ್ಚು ಪ್ರಸಿದ್ಧವಾದುದು. ಮಾಂತ್ರಿಕ ಶಕ್ತಿಯುಳ್ಳ ಒಡೆಯ ಬೇಕೆಂದು ಬಯಸಿದ ಊರಿನವರು, ಬಯಸಿದ್ದು ದೊರೆತ ಮೇಲೆ ಎದುರಿಸುವ ಪೇಚು ಅದರ ವಸ್ತು.

1925ರಿಂದ ಜೋರ್ಕೆನ್ಸ್ ಎಂಬ ಪಾತ್ರದ ಹಾಸ್ಯಕಥೆಗಳನ್ನು ಬರೆಯತೊಡಗಿದರು. ಲಂಡನ್ನಿನ ಒಂದು ಕ್ಲಬ್ಬಿನಲ್ಲಿ ಕುಳಿತ ಈ ವೃದ್ಧ, ಯಾರಾದರೂ ವಿಸ್ಕಿ ಕೊಡಿಸಿದರೆ ಸಾಕು, ನಂಬಲಾಗದ ಪ್ರವಾಸಕಥನವೊಂದನ್ನು ಹೇಳುತ್ತಾನೆ. ಕೇಳಿದವರು ಅದನ್ನು ನಂಬಲೂ ಆಗದೆ, ಸುಳ್ಳೆಂದು ತೋರಿಸಲೂ ಆಗದೆ ಉಳಿಯುತ್ತಾರೆ. 1936ರ 'ಮೈ ಟಾಕ್ಸ್ ವಿತ್ ಡೀನ್ ಸ್ಪ್ಯಾನ್ಲಿ' ಎಂಬ ಕಿರುಕಾದಂಬರಿಯಲ್ಲಿ ಟೋಕಾಯ್ ಎಂಬ ಮದ್ಯವನ್ನು ಸೇವಿಸಿದಾಗಲೆಲ್ಲ ಒಬ್ಬ ಪಾದ್ರಿಗೆ ತನ್ನ ಹಿಂದಿನ ಜನ್ಮ ನೆನಪಾಗುತ್ತದೆ. ಆ ಜನ್ಮದಲ್ಲಿ ಅವನು ನಾಯಿಯಾಗಿದ್ದ. ಈ ಕೃತಿ 2008ರಲ್ಲಿ ಚಲನಚಿತ್ರವಾಯಿತು.

ಡನ್ಸೇನಿಯವರು ಹಕ್ಕಿಯ ಗರಿಯಿಂದ ತಾವೇ ಕೆತ್ತಿಕೊಂಡ ಲೇಖನಿಯಲ್ಲಿ ಬರೆಯುತ್ತಿದ್ದರು; ಬರೆದದ್ದನ್ನು ತಿದ್ದುತ್ತಿದ್ದುದು ಅಪರೂಪ. ಮೊದಲ ಓದುಗರು ಸಾಮಾನ್ಯವಾಗಿ ಲೇಡಿ ಬಿಯಾಟ್ರಿಸ್ ಅವರೇ. ಬೆರಳಚ್ಚಿನ ಕೆಲಸದಲ್ಲಿಯೂ ಅವರು ನೆರವಾಗುತ್ತಿದ್ದರು.

ನಾಟಕಗಳು

ಕವಿ ಡಬ್ಲ್ಯು. ಬಿ. ಯೇಟ್ಸ್ ಅವರ ಒತ್ತಾಸೆಯಿಂದ ಡನ್ಸೇನಿಯವರು ಡಬ್ಲಿನ್ನಿನ ಅಬ್ಬೆ ರಂಗಮಂದಿರಕ್ಕೆ ನಾಟಕ ಬರೆದರು. 1909ರಲ್ಲಿ ಅಲ್ಲಿ ಪ್ರಯೋಗಗೊಂಡ 'ದ ಗ್ಲಿಟರಿಂಗ್ ಗೇಟ್' ಅವರ ಮೊದಲ ನಾಟಕ. ಸತ್ತುಹೋದ ಇಬ್ಬರು ಕನ್ನಗಳ್ಳರು ಸ್ವರ್ಗದ ಬಾಗಿಲನ್ನು ತಮ್ಮ ಹಳೆಯ ಕಸುಬಿನ ಸಲಕರಣೆಯಿಂದಲೇ ಮೀಟಿ ತೆಗೆಯುತ್ತಾರೆ. ಒಳಗೆ ನಕ್ಷತ್ರಗಳಿರುವ ಬರಿಯ ಬಯಲು ಕಾಣಿಸುತ್ತದೆ.

1911ರ 'ದ ಗಾಡ್ಸ್ ಆಫ್ ದ ಮೌಂಟನ್' ಲಂಡನ್ನಿನಲ್ಲಿ ಪ್ರದರ್ಶಿತವಾಯಿತು. ಏಳು ಮಂದಿ ಭಿಕ್ಷುಕರು ಬೆಟ್ಟದ ಮೇಲಿನ ಹಸುರುಗಲ್ಲಿನ ದೇವರುಗಳಂತೆ ವೇಷ ಹಾಕಿ ಊರಿನವರಿಂದ ಪೂಜೆ ಪಡೆಯುತ್ತಾರೆ. ಕಡೆಗೆ ನಿಜವಾದ ದೇವರುಗಳೇ ಇಳಿದುಬಂದು ಅವರನ್ನು ಕಲ್ಲಾಗಿಸುತ್ತವೆ. ಕಲ್ಲಾದವರನ್ನು ಕಂಡ ಊರಿನವರಿಗೆ, ಇವರು ನಿಜವಾಗಿಯೂ ದೇವರುಗಳೇ ಎಂಬ ನಂಬಿಕೆ ಆಗ ದೃಢವಾಗುತ್ತದೆ.

1916ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಆಡಿದ 'ಎ ನೈಟ್ ಅಟ್ ಆನ್ ಇನ್' ಎಂಬ ಏಕಾಂಕಕ್ಕೆ ಭಾರತದ ನಂಟಿದೆ. ಭಾರತದ ವಿಗ್ರಹವೊಂದರ ಮಾಣಿಕ್ಯದ ಕಣ್ಣನ್ನು ಕದ್ದ ನಾವಿಕರನ್ನು ಮೂವರು ಅರ್ಚಕರು ಇಂಗ್ಲೆಂಡಿನವರೆಗೂ ಹಿಂಬಾಲಿಸಿ ಬರುತ್ತಾರೆ. ಕಳ್ಳರ ನಾಯಕ ಎದುರಾಳಿಯ ಪ್ರತಿ ನಡೆಯನ್ನೂ ಮುಂಚೆಯೇ ಊಹಿಸಿ ಮೂವರನ್ನೂ ಕೊಲ್ಲಿಸುತ್ತಾನೆ. ಆದರೆ ವಿಗ್ರಹವೇ ನಡೆದುಕೊಂಡು ಬರುವುದನ್ನು ಅವನು ಊಹಿಸಿರುವುದಿಲ್ಲ. ಈ ನಾಟಕದಿಂದ ಅಮೆರಿಕದಲ್ಲಿ ಅವರ ಖ್ಯಾತಿ ಹೆಚ್ಚಿತು.

ಫ್ರಾನ್ಸಿಸ್ ಲೆಡ್ವಿಜ್ ಅವರ ಸ್ನೇಹ

ಮೀತ್ ಪ್ರಾಂತದ ಸ್ಲೇನ್ ಎಂಬ ಊರಿನ ಫ್ರಾನ್ಸಿಸ್ ಲೆಡ್ವಿಜ್ ಬಡ ಕುಟುಂಬದ ತರುಣ. ರಸ್ತೆ ಕೆಲಸ ಮತ್ತು ತಾಮ್ರದ ಗಣಿಯ ಕೂಲಿಯಿಂದ ಜೀವನ ಸಾಗಿಸುತ್ತಿದ್ದ ಅವರು 1912ರಲ್ಲಿ ತಮ್ಮ ಕವಿತೆಗಳ ಹಸ್ತಪ್ರತಿಯನ್ನು ಡನ್ಸೇನಿಯವರಿಗೆ ಕಳುಹಿಸಿದರು. ಡನ್ಸೇನಿಯವರು ಆ ಕವಿತೆಗಳನ್ನು ಮೆಚ್ಚಿ, ತಮ್ಮ ಕೋಟೆಮನೆಯ ಗ್ರಂಥಭಂಡಾರವನ್ನು ಅವರಿಗೆ ತೆರೆದರು ಮತ್ತು ಲಂಡನ್ ಹಾಗೂ ಡಬ್ಲಿನ್ನಿನ ಸಾಹಿತಿಗಳಿಗೆ ಪರಿಚಯಿಸಿದರು.

ರಾಜಕೀಯದಲ್ಲಿ ಇಬ್ಬರದೂ ಬೇರೆ ಬೇರೆ ದಾರಿ. ಡನ್ಸೇನಿ ಬ್ರಿಟನ್ನಿನೊಡನೆ ಐಕ್ಯವನ್ನು ಬಯಸಿದ ಜಮೀನುದಾರರು. ಲೆಡ್ವಿಜ್ ಐರಿಷ್ ರಾಷ್ಟ್ರೀಯವಾದಿ. ಆದರೂ 1914ರಲ್ಲಿ ಮಹಾಯುದ್ಧ ಆರಂಭವಾದಾಗ ಇಬ್ಬರೂ ರಾಯಲ್ ಇನಿಸ್ಕಿಲಿಂಗ್ ಫ್ಯೂಸಿಲಿಯರ್ಸ್ ಎಂಬ ಒಂದೇ ದಳವನ್ನು ಸೇರಿದರು. ಡನ್ಸೇನಿ ಅಲ್ಲಿ ಕ್ಯಾಪ್ಟನ್; ಲೆಡ್ವಿಜ್ ಸಾಮಾನ್ಯ ಸಿಪಾಯಿ. ಲೆಡ್ವಿಜ್ ಸೈನ್ಯ ಸೇರುವುದು ಡನ್ಸೇನಿಯವರಿಗೆ ಒಪ್ಪಿಗೆಯಿರಲಿಲ್ಲ. ಹಣದ ನೆರವು ಕೊಟ್ಟು ಮನೆಯಲ್ಲಿಯೇ ಉಳಿಸಲು ಅವರು ಮುಂದಾಗಿದ್ದರು.

1916ರ ಏಪ್ರಿಲ್‌ನಲ್ಲಿ ಡಬ್ಲಿನ್ನಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಈಸ್ಟರ್ ದಂಗೆ ನಡೆಯಿತು. ರಜೆಯ ಮೇಲೆ ಊರಿಗೆ ಬಂದಿದ್ದ ಡನ್ಸೇನಿ ಸರ್ಕಾರದ ಸೈನ್ಯಕ್ಕೆ ನೆರವಾಗಲೆಂದು ಕಾರಿನಲ್ಲಿ ನಗರಕ್ಕೆ ಹೊರಟರು. ದಾರಿಯಲ್ಲಿ ಅವರ ಮುಖಕ್ಕೆ ಗುಂಡು ತಗಲಿ, ದಂಗೆಕಾರರ ಸೆರೆಯಾದರು. ಆಸ್ಪತ್ರೆಗೆ ಸೇರಿ ಚೇತರಿಸಿಕೊಂಡರು. ದಂಗೆಯ ಮುಖಂಡರಲ್ಲಿ ಒಬ್ಬರಾಗಿ ಮರಣದಂಡನೆಗೆ ಗುರಿಯಾದ ಕವಿ ಥಾಮಸ್ ಮ್ಯಾಕ್‌ಡೊನಾ ಅವರ ಸಾವಿಗೆ ಲೆಡ್ವಿಜ್ ಶೋಕಗೀತೆ ಬರೆದರು. ಹೀಗೆ ಒಂದೇ ಘಟನೆಯಲ್ಲಿ ಆಶ್ರಯದಾತರು ಒಂದು ಬದಿಯಲ್ಲಿ ಗಾಯಗೊಂಡರೆ, ಆಶ್ರಿತರ ಮನಸ್ಸು ಇನ್ನೊಂದು ಬದಿಗೆ ಮಿಡಿಯಿತು. ಆದರೂ ಅವರ ಸ್ನೇಹ ಮುರಿಯಲಿಲ್ಲ.

1917ರ ಜುಲೈ 31ರಂದು ಬೆಲ್ಜಿಯಮ್‌ನ ಈಪರ್ ಬಳಿ ರಸ್ತೆ ನಿರ್ಮಿಸುತ್ತಿದ್ದ ಸೈನಿಕರ ತಂಡದಲ್ಲಿದ್ದ ಲೆಡ್ವಿಜ್ ಶತ್ರುಗಳ ಫಿರಂಗಿಗುಂಡು ಸಿಡಿದು ಮೃತಪಟ್ಟರು. ಆಗ ಅವರಿಗೆ 29 ವರ್ಷ. ಅವರ ಮೂರು ಕವನ ಸಂಗ್ರಹಗಳನ್ನೂ 1919ರ ಸಮಗ್ರ ಸಂಪುಟವನ್ನೂ ಡನ್ಸೇನಿಯವರೇ ಹೊರತಂದರು. ಐರಿಷ್ ಕಾವ್ಯದಲ್ಲಿ ಲೆಡ್ವಿಜ್ ಅವರ ಹೆಸರು ಉಳಿಯಲು ಈ ಪ್ರಕಟಣೆಗಳು ಬಹುಮಟ್ಟಿಗೆ ಕಾರಣ.

ಚದುರಂಗ

ಡನ್ಸೇನಿಯವರಿಗೆ ಚದುರಂಗ ಬರಿಯ ಹೊತ್ತುಗಳೆಯುವ ಆಟವಾಗಿರಲಿಲ್ಲ. ಕೆಂಟ್ ಪ್ರಾಂತದ ಚದುರಂಗ ಸಂಘ ಮತ್ತು ಐರಿಷ್ ಚದುರಂಗ ಒಕ್ಕೂಟಗಳಿಗೆ ಅವರು ಅಧ್ಯಕ್ಷರಾಗಿದ್ದರು. ಶೋರಮ್‌ಗೆ ಹತ್ತಿರದ ಸೆವೆನೋಕ್ಸ್ ಪಟ್ಟಣದ ಚದುರಂಗ ಕ್ಲಬ್ಬಿಗೂ ದೀರ್ಘಕಾಲ ಅಧ್ಯಕ್ಷರಾಗಿದ್ದರು. 1929ರಲ್ಲಿ ಲಂಡನ್ನಿನಲ್ಲಿ ಮಾಜಿ ವಿಶ್ವ ಚಾಂಪಿಯನ್, ಕ್ಯೂಬಾದ ಹೊಸೆ ರೌಲ್ ಕಾಪಬ್ಲಾಂಕಾ ಏಕಕಾಲದಲ್ಲಿ ಅನೇಕರೊಡನೆ ಆಡಿದಾಗ ಡನ್ಸೇನಿ ಅವರೊಡನೆ ಸಮ ಮಾಡಿಕೊಂಡರು.

ಅವರ ಕಥೆಗಳಲ್ಲಿಯೂ ಚದುರಂಗ ಬರುತ್ತದೆ. 1916ರ ಕಥಾಸಂಗ್ರಹದಲ್ಲಿರುವ 'ದ ತ್ರೀ ಸೇಲರ್ಸ್ ಗ್ಯಾಂಬಿಟ್' ಎಂಬ ಕಥೆಯಲ್ಲಿ, ಆಟ ಅಷ್ಟಾಗಿ ತಿಳಿಯದ ಮೂವರು ನಾವಿಕರು ಸೈತಾನನಿಂದ ಬಂದ ಸ್ಫಟಿಕವೊಂದರ ಬಲದಿಂದ ಪ್ರಖ್ಯಾತ ಆಟಗಾರನನ್ನು ಸೋಲಿಸುತ್ತಾರೆ.

ಚದುರಂಗದ ಸಮಸ್ಯೆಗಳನ್ನೂ ಡನ್ಸೇನಿಯವರು ರಚಿಸಿದರು. ಅವುಗಳಲ್ಲಿ ಒಂದನ್ನು ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡ್ನರ್ ತಮ್ಮ ಗಣಿತವಿನೋದದ ಬರಹಗಳಲ್ಲಿ ಸೇರಿಸಿಕೊಂಡಿದ್ದರಿಂದ ಅದು ಜಗತ್ತಿಗೆಲ್ಲ ಪರಿಚಿತವಾಯಿತು. ಮೊದಲ ನೋಟಕ್ಕೆ ಅದರಲ್ಲಿ ಕಪ್ಪು ಕಾಯಿಗಳೆಲ್ಲ ಆಟ ಆರಂಭವಾಗುವಾಗ ಇರುವಂತೆಯೇ ಜೋಡಣೆಯಾಗಿರುತ್ತವೆ. ಬಿಳಿಯ ಕಡೆಯವರು ನಾಲ್ಕು ನಡೆಗಳಲ್ಲಿ ಗೆಲ್ಲಬೇಕು. ಎಷ್ಟು ಯೋಚಿಸಿದರೂ ದಾರಿ ತೋಚುವುದಿಲ್ಲ.

ಪರಿಹಾರದ ಕೀಲಿ ಕಪ್ಪು ರಾಣಿ ನಿಂತ ಚೌಕದಲ್ಲಿದೆ. ಆಟದ ಆರಂಭದಲ್ಲಿ ರಾಣಿ ತನ್ನ ಬಣ್ಣದ ಚೌಕದಲ್ಲಿಯೇ ಇರಬೇಕು, ಇಲ್ಲಿ ಹಾಗಿಲ್ಲ. ಅಂದರೆ ರಾಜನೂ ರಾಣಿಯೂ ಒಮ್ಮೆ ಚಲಿಸಿದ್ದಾರೆ. ಅವರು ಚಲಿಸಬೇಕಾದರೆ ಮುಂದಿನ ಕಾಲಾಳುಗಳು ಮೊದಲು ಚಲಿಸಿರಬೇಕು. ಕಾಲಾಳು ಹಿಂದಕ್ಕೆ ಬರುವಂತಿಲ್ಲ. ಆದ್ದರಿಂದ ಈ ಕಾಲಾಳುಗಳು ಮಣೆಯ ಎದುರು ಬದಿಯಿಂದ ನಡೆದು ಇಲ್ಲಿಗೆ ಬಂದಿವೆ ಎಂದಾಯಿತು. ನೋಡುವವರು ಮಣೆಯನ್ನು ತಲೆಕೆಳಗಾಗಿ ಗ್ರಹಿಸಿದ್ದರಷ್ಟೆ. ಇದು ತಿಳಿದೊಡನೆ, ಬಿಳಿಯ ಒಂದು ಕುದುರೆ ನಾಲ್ಕು ನಡೆಗಳಲ್ಲಿ ಕಪ್ಪು ರಾಜನನ್ನು ಕಟ್ಟಿಹಾಕುವ ದಾರಿ ಸುಲಭವಾಗಿ ಕಾಣುತ್ತದೆ. ಕಣ್ಣೆದುರಿನ ದೃಶ್ಯವನ್ನು ಬದಲಿಸದೆ ನೋಡುವವನ ನೆಲೆಯನ್ನು ಮಾತ್ರ ಬದಲಿಸುವ ಈ ತಂತ್ರವು ಅವರ ನಾಟಕಗಳ ತಿರುವುಗಳನ್ನು ಹೋಲುತ್ತದೆ.

ಡನ್ಸೇನಿ ಚದುರಂಗ

ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ಡನ್ಸೇನಿಯವರು ಶೋರಮ್‌ನಲ್ಲಿ ಸ್ಥಳೀಯ ರಕ್ಷಣಾ ದಳದಲ್ಲಿ ಕೆಲಸ ಮಾಡಿದರು. 1940ರಲ್ಲಿ ಗ್ರೀಸ್ ದೇಶದ ಅಥೆನ್ಸ್ ವಿಶ್ವವಿದ್ಯಾಲಯದ ಬೈರನ್ ಪೀಠದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿ ನೇಮಕಗೊಂಡರು. 1941ರಲ್ಲಿ ಜರ್ಮನ್ ಸೈನ್ಯ ಗ್ರೀಸನ್ನು ಆಕ್ರಮಿಸಿದಾಗ ಅಲ್ಲಿಂದ ಪಾರಾಗಿ ಬಂದರು. ಗ್ರೀಕರ ಪ್ರತಿರೋಧವನ್ನು ಕುರಿತ ಅವರ 'ಗೆರಿಲ್ಲಾ' ಕಾದಂಬರಿ 1944ರಲ್ಲಿ ಪ್ರಕಟವಾಯಿತು. ಈ ಎರಡರ ನಡುವೆ, 1942ರಲ್ಲಿ, ಅವರು ರೂಪಿಸಿದ್ದು ಈ ಹೊಸ ಆಟ.

ಇದರಲ್ಲಿ ಒಬ್ಬ ಆಟಗಾರನಿಗೆ ರಾಜ, ರಾಣಿ, ಆನೆ, ಒಂಟೆ, ಕುದುರೆ ಮತ್ತು ಎಂಟು ಕಾಲಾಳುಗಳ ಎಂದಿನ ಸೈನ್ಯ. ಇನ್ನೊಬ್ಬನಿಗೆ ತನ್ನ ಕಡೆಯ ನಾಲ್ಕು ಸಾಲುಗಳನ್ನೂ ತುಂಬಿದ 32 ಕಾಲಾಳುಗಳು ಮಾತ್ರ. ಅವನಿಗೆ ರಾಜನೇ ಇಲ್ಲ. ಮೊದಲ ನಡೆ ಎಂದಿನ ಸೈನ್ಯದವನದು. 32 ಕಾಲಾಳುಗಳ ಪೈಕಿ ಯಾವುದೂ ಒಮ್ಮೆಗೆ ಎರಡು ಚೌಕ ಮುಂದೆ ಹೋಗುವಂತಿಲ್ಲ. ಎಂದಿನ ಸೈನ್ಯದವನು ಗೆಲ್ಲಲು ಎದುರಾಳಿಯ ಕಾಲಾಳುಗಳನ್ನೆಲ್ಲ ಹಿಡಿಯಬೇಕು. ಕಾಲಾಳುಗಳ ಕಡೆಯವನು ಗೆಲ್ಲಲು ಎದುರಾಳಿಯ ರಾಜನಿಗೆ ಮಾತ್ ಕೊಡಬೇಕು. ಕೊನೆಯ ಸಾಲು ತಲುಪಿದ ಕಾಲಾಳು ಎಂದಿನಂತೆ ರಾಣಿಯಾಗಿ ಬಡ್ತಿ ಪಡೆಯಬಹುದು.

ಎರಡು ಪಕ್ಷಗಳಿಗೆ ಬೇರೆ ಬೇರೆ ಬಲವೂ ಬೇರೆ ಬೇರೆ ಗುರಿಯೂ ಇರುವ ಆಟ ಕನ್ನಡಿಗರಿಗೆ ಅಪರಿಚಿತವಲ್ಲ. ಕರ್ನಾಟಕದ ಆಡು-ಹುಲಿ ಆಟವೂ ಈ ಬಗೆಯದೇ. ಅಲ್ಲಿ ಕೆಲವೇ ಹುಲಿಗಳು ಆಡುಗಳನ್ನು ನೆಗೆದು ಹಿಡಿದರೆ, ಆಡುಗಳು ಗುಂಪುಗೂಡಿ ಹುಲಿಗಳ ದಾರಿ ಕಟ್ಟುತ್ತವೆ.

ನೋಡುವುದಕ್ಕೆ ತಮಾಷೆಯಾಗಿದ್ದರೂ ಡನ್ಸೇನಿ ಚದುರಂಗದಲ್ಲಿ ಎರಡೂ ಕಡೆಗೂ ಗೆಲುವಿನ ಅವಕಾಶವಿದೆ. ಚದುರಂಗದ ರೂಢಿಯ ಲೆಕ್ಕದಲ್ಲಿ ರಾಣಿಗೆ 9, ಎರಡು ಆನೆಗಳಿಗೆ 10, ಒಂಟೆ ಮತ್ತು ಕುದುರೆಗಳಿಗೆ ಒಟ್ಟು 12, ಎಂಟು ಕಾಲಾಳುಗಳಿಗೆ 8. ಹೀಗೆ ಎಂದಿನ ಸೈನ್ಯದ ಬೆಲೆ 39. ಎದುರಿನ ಕಾಲಾಳುಗಳ ಬೆಲೆ 32. ಆದರೆ ಇಲ್ಲಿ ಬೆಲೆಗಿಂತ ಒಗ್ಗಟ್ಟು ಮುಖ್ಯ. ಕಾಲಾಳು ಓರೆಯಾಗಿ ಹಿಡಿಯುವ ಕಾಯಿಯಾದ್ದರಿಂದ, ಓರೆಯಾಗಿ ಹಿಂದೆ ನಿಂತ ಕಾಲಾಳುಗಳ ಕಾವಲಿರುವ ತನಕ ಅದನ್ನು ಹಿಡಿದ ದೊಡ್ಡ ಕಾಯಿ ತಾನೂ ಬಲಿಯಾಗುತ್ತದೆ. ಹಾಗಾಗಿ ಎಂದಿನ ಸೈನ್ಯದವನು ಕಾಲಾಳುಗಳ ಗೋಡೆಯಲ್ಲಿ ಒಂದು ಬಿರುಕು ಮಾಡಿ ಆನೆಯನ್ನೋ ರಾಣಿಯನ್ನೋ ಅವುಗಳ ಹಿಂದಕ್ಕೆ ನುಗ್ಗಿಸಲು ನೋಡುತ್ತಾನೆ. ಹಿಂತಿರುಗಿ ಹಿಡಿಯಲಾರದ ಕಾಲಾಳುಗಳಿಗೆ ಬೆನ್ನಿನ ಕಡೆಯಿಂದ ಬಂದ ಆನೆ ದೊಡ್ಡ ಅಪಾಯ. ಕಾಲಾಳುಗಳನ್ನು ಆಡಿಸುವವನು ಅವಸರಪಡದೆ, ಸಾಲು ಮುರಿಯದಂತೆ ಒಂದೊಂದೇ ಚೌಕ ಮುನ್ನಡೆಯಬೇಕು.

ಅಂತರಜಾಲದ ಪಂದ್ಯಾವಳಿಗಳು

ಇಂಥ ಆಟಗಳನ್ನು ಆಡಲು ಹಿಂದೆ ನಾಲ್ಕು ಮಣೆಗಳ ಕಾಲಾಳುಗಳನ್ನು ಕೂಡಿಸಬೇಕಿತ್ತು. ಒಂದು ಮಣೆಯಲ್ಲಿ ಒಂದು ಬಣ್ಣದ ಕಾಲಾಳುಗಳಿರುವುದು ಎಂಟು ಮಾತ್ರ. ಆಸಕ್ತಿಯುಳ್ಳ ಎದುರಾಳಿ ಸಿಗುವುದೂ ಕಷ್ಟವಾಗಿತ್ತು. ಗಣಕಯಂತ್ರವು ಈ ಎರಡು ತೊಡಕುಗಳನ್ನೂ ನಿವಾರಿಸಿತು.

2010ರಲ್ಲಿ ಆರಂಭವಾದ, ಉಚಿತವಾದ ಲಿಚೆಸ್ ಚದುರಂಗ ತಾಣದಲ್ಲಿ 'ಹೋರ್ಡ್' ಎಂಬ ಹೆಸರಿನಲ್ಲಿ ಡನ್ಸೇನಿ ಚದುರಂಗದ ರೂಪಾಂತರವೊಂದು ದೊರೆಯುತ್ತದೆ. 'ಹೋರ್ಡ್' ಎಂದರೆ ದಂಡು. ಇದರಲ್ಲಿ ಬಿಳಿಯ ಕಡೆಗೆ 32ರ ಬದಲು 36 ಕಾಲಾಳುಗಳಿವೆ. ಹೆಚ್ಚಿನ ನಾಲ್ಕು ಐದನೆಯ ಸಾಲಿನಲ್ಲಿ ನಿಲ್ಲುತ್ತವೆ. ಮೊದಲ ನಡೆ ಕಾಲಾಳುಗಳದು. ಮೊದಲ ಎರಡು ಸಾಲುಗಳಲ್ಲಿರುವ ಕಾಲಾಳುಗಳು ಎರಡು ಚೌಕ ಮುಂದೆ ಹೋಗಬಹುದು. ಗೆಲುವಿನ ನಿಯಮಗಳು ಮೂಲ ಆಟದವೇ.

ಇಲ್ಲಿಯ 'ಅರೀನಾ' ಪಂದ್ಯಾವಳಿಯಲ್ಲಿ ಸುತ್ತುಗಳ ಲೆಕ್ಕವಿಲ್ಲ. ಅವಧಿ ಮಾತ್ರ ಗೊತ್ತಾಗಿರುತ್ತದೆ. ಒಂದು ಆಟ ಮುಗಿದೊಡನೆ ಆಟಗಾರನಿಗೆ ಮತ್ತೊಬ್ಬ ಎದುರಾಳಿ ದೊರೆಯುತ್ತಾನೆ. ಗೆಲುವಿಗೆ ಎರಡು ಅಂಕ, ಸಮಕ್ಕೆ ಒಂದು ಅಂಕ. ಸತತ ಎರಡು ಆಟ ಗೆದ್ದವನಿಗೆ ಮುಂದಿನ ಆಟದಿಂದ ಇಮ್ಮಡಿ ಅಂಕ ಬರುತ್ತದೆ. ಗೆಲುವಿನ ಸರಣಿ ಕಡಿದಾಗ ಈ ಸೌಲಭ್ಯ ನಿಲ್ಲುತ್ತದೆ. ತನ್ನ ಸಮಯದ ಅರ್ಧವನ್ನು ಬಿಟ್ಟುಕೊಟ್ಟು ಆಡಿ ಗೆದ್ದವನಿಗೆ ಒಂದು ಅಂಕ ಹೆಚ್ಚು ಸಿಗುತ್ತದೆ. ಹಲವು ಆಟಗಳ ಅವಧಿಯಲ್ಲಿ ಆಟಗಾರನು ಕೆಲವೊಮ್ಮೆ ಕಾಲಾಳುಗಳ ಪರವಾಗಿ, ಕೆಲವೊಮ್ಮೆ ರಾಜನ ಪರವಾಗಿ ಆಡಬೇಕಾಗುವುದರಿಂದ ಎರಡೂ ಕಡೆಯ ತಂತ್ರಗಳನ್ನು ಬಲ್ಲವನು ಮಾತ್ರ ಮುಂದೆ ಬರುತ್ತಾನೆ.

ಕೊನೆಯ ದಿನಗಳು

1947ರಲ್ಲಿ ಡನ್ಸೇನಿಯವರು ಐರ್ಲೆಂಡಿನ ಜಮೀನಿನ ಹೊಣೆಯನ್ನು ಮಗ ರ‍್ಯಾಂಡಲ್ ಅವರಿಗೆ ವಹಿಸಿ ಶೋರಮ್‌ನಲ್ಲಿ ನೆಲೆಸಿದರು. ನಡುನಡುವೆ ಐರ್ಲೆಂಡಿಗೆ ಹೋಗಿಬರುತ್ತಿದ್ದರು. 1957ರಲ್ಲಿ ಹಾಗೆ ಹೋದಾಗ ಕರುಳುಬಾಲದ ಉರಿಯೂತಕ್ಕೆ ತುತ್ತಾಗಿ, ಅಕ್ಟೋಬರ್ 25ರಂದು ಡಬ್ಲಿನ್ನಿನಲ್ಲಿ ತಮ್ಮ 79ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಸಮಾಧಿ ಶೋರಮ್‌ನ ಚರ್ಚಿನ ಆವರಣದಲ್ಲಿದೆ. ಲೇಡಿ ಬಿಯಾಟ್ರಿಸ್ 1970ರಲ್ಲಿ ನಿಧನರಾದರು.

ಪ್ರಭಾವ

ಅಮೆರಿಕದ ಭಯಾನಕ ಕಥೆಗಳ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ 1919ರಲ್ಲಿ ಬಾಸ್ಟನ್ ನಗರದಲ್ಲಿ ಡನ್ಸೇನಿಯವರ ಉಪನ್ಯಾಸವನ್ನು ಕೇಳಿದ್ದರು. ಅವರ ಆರಂಭದ ಕಥೆಗಳಲ್ಲಿ ಡನ್ಸೇನಿಯವರ ಶೈಲಿ ಸ್ಪಷ್ಟವಾಗಿ ಕಾಣುತ್ತದೆ. ಅರ್ಜೆಂಟೀನಾದ ಹೋರ್ಹೆ ಲೂಯಿಸ್ ಬೋರ್ಹೆಸ್ ಮತ್ತು ಅಮೆರಿಕದ ಉರ್ಸುಲಾ ಲೆ ಗ್ವಿನ್ ಅವರ ಬರಹಗಳನ್ನು ಮೆಚ್ಚಿದವರು. ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಅವರೊಡನೆ ನಡೆದ ಪತ್ರವ್ಯವಹಾರವು ಪುಸ್ತಕವಾಗಿ ಪ್ರಕಟವಾಗಿದೆ.

ಬಿರುದು ಮತ್ತು ಸಂಪತ್ತಿನ ಕಾರಣದಿಂದ ಡನ್ಸೇನಿಯವರ ಬರವಣಿಗೆಯನ್ನು ಶ್ರೀಮಂತರೊಬ್ಬರ ಹವ್ಯಾಸವೆಂದು ಕಂಡವರಿದ್ದರು. ಅವರ ಚದುರಂಗವನ್ನೂ ಹಾಗೆಯೇ ಲಘುವಾಗಿ ಕಾಣಬಹುದಿತ್ತು. ಆದರೆ ವಿನೋದಕ್ಕೆಂದು ಹುಟ್ಟಿದ ಈ ಆಟವು ಅವರು ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ, ಅವರ ಕಥೆಗಳನ್ನು ಓದಿರದವರ ಕೈಯಲ್ಲಿಯೂ ಮುಂದುವರಿದಿದೆ. ರಾಜನಿಲ್ಲದ ಕಾಲಾಳುಗಳ ದಂಡು ಒಗ್ಗಟ್ಟಿನಿಂದ ರಾಜನನ್ನು ಸೋಲಿಸಬಲ್ಲದು ಎಂಬ ಈ ಆಟವನ್ನು ರೂಪಿಸಿದವರು ಐನೂರು ವರ್ಷಗಳ ಹಳೆಯ ಮನೆತನವೊಂದರ ಒಡೆಯರು. ರಸ್ತೆ ಕೂಲಿಯ ಕವಿಯನ್ನು ಗುರುತಿಸಿ, ಅವನು ಮಡಿದ ಮೇಲೂ ಅವನ ಕವಿತೆಗಳನ್ನು ಉಳಿಸಿದವರೂ ಅವರೇ.